ಬೇಸಿಗೆ ಕಡಲು: ಎತ್ತರದ ಜೊತೆ ಸೆಕೆಂಡನ್ನೂ ಓದಿ

ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ದಿನಗಳಲ್ಲಿ ನಮ್ಮ ಭಾಗದ ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಚರ್ಚೆ. ಗೋಕರ್ಣವೋ, ಮುರುಡೇಶ್ವರವೋ, ಮಲ್ಪೆಯೋ? ಆಳಂದ, ಅಫಜಲಪುರ, ಜೇವರ್ಗಿ ಕಡೆ ಏಪ್ರಿಲ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹೊಲದಲ್ಲಿ ಕೆಲಸವಿಲ್ಲ, ಹಳ್ಳದಲ್ಲಿ ನೀರಿಲ್ಲ. ಕಣ್ತುಂಬ ನೀರು ನೋಡಬೇಕು ಅನ್ನಿಸುವುದು ಸಹಜ. ಗಾಡಿ ಬಾಡಿಗೆ ಎಷ್ಟು, ರೂಮಿಗೆ ಎಷ್ಟು, ತಲೆಗೆ ಎಷ್ಟು ಬೀಳುತ್ತದೆ ಎಂದು ಪೈಸೆ ಪೈಸೆ ಲೆಕ್ಕ ಹಾಕುತ್ತೇವೆ. ನಾವು ತಲುಪುವ ದಿನ ಕಡಲು ಹೇಗಿರುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಿದರೂ ಸಿಗುವ ಉತ್ತರ ಒಂದೇ: ‘ಬ್ಯಾಸಿಗ್ಯಾಗ ಸಮುದ್ರ ತಣ್ಣಗ ಇರತದ, ಮಳಿಗಾಲದಾಗ ಅಷ್ಟೇ ಡೇಂಜರ್.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಬಗ್ಗೆ ಬರೆಯಬೇಕೆಂದೇ ಈ ಲೇಖನ.

ನಾನು ಹಿರೋಳ್ಳಿಯವನು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ನಮ್ಮೂರಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಕಿಲೋಮೀಟರ್ ದೂರ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಭೂಗೋಳ ಓದುವಾಗ ಮಾರುತ, ಪ್ರವಾಹ, ಉಬ್ಬರ–ಇಳಿತ ಎಲ್ಲವನ್ನೂ ನಾವು ಬಾಯಿಪಾಠ ಮಾಡುತ್ತೇವೆ. ಅದೇ ಪಾಠವನ್ನು ಕರಾವಳಿಯ ದಿನದ ಮುನ್ಸೂಚನೆಯ ಪಕ್ಕದಲ್ಲಿಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೇಸಿಗೆಯ ಕಡಲು ಹೆಚ್ಚಿನ ದಿನ ನಿಜಕ್ಕೂ ಶಾಂತವಾಗಿರುತ್ತದೆ. ಆದರೆ ನಡುವೆ ಕೆಲವು ದಿನ, ದಡದಲ್ಲಿ ಒಂದು ಎಲೆಯೂ ಅಲ್ಲಾಡದಿರುವಾಗ, ದೊಡ್ಡ ಬಲದ ಅಲೆಗಳು ಬಂದು ಬಡಿಯುತ್ತವೆ. ಆ ದಿನಗಳು ಯಾವುವು ಎಂಬುದು ಮೊದಲೇ ಗೊತ್ತಾಗುತ್ತದೆ, ಪ್ರಕಟವೂ ಆಗುತ್ತದೆ. ಅದು ನಮ್ಮಂಥ ಒಳನಾಡಿನವರಿಗೆ ತಲುಪುತ್ತಿಲ್ಲ.

ಗಾಳಿ ಇಲ್ಲದ ದಿನದ ಅಲೆ

ಮಾರ್ಚ್‌ನಿಂದ ಮೇ ಮಧ್ಯದವರೆಗೆ ಕರ್ನಾಟಕದ ಕರಾವಳಿಯಲ್ಲಿ ದೊಡ್ಡ ಗಾಳಿ ವ್ಯವಸ್ಥೆ ಇರುವುದಿಲ್ಲ. ಮುಂಗಾರಿನ ನೈಋತ್ಯ ಮಾರುತ ಇನ್ನೂ ಬಂದಿರುವುದಿಲ್ಲ. ಆಗ ದಿನದ ಹವಾಮಾನವನ್ನು ನಡೆಸುವುದು ನಾವು ಶಾಲೆಯಲ್ಲಿ ಓದಿದ ಕಡಲ ಗಾಳಿ ಮತ್ತು ನೆಲದ ಗಾಳಿ. ಬೆಳಗ್ಗೆ ನೀರು ಕನ್ನಡಿಯಂತೆ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಹನ್ನೊಂದು ಹನ್ನೆರಡರ ಹೊತ್ತಿಗೆ ಪಶ್ಚಿಮದಿಂದ ಗಾಳಿ ಶುರುವಾಗುತ್ತದೆ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ನೀರಿನ ಮೇಲೆ ಚಿಕ್ಕ ಚಿಕ್ಕ ಅಲೆ ಏಳುತ್ತವೆ. ರಾತ್ರಿ ಮತ್ತೆ ತಣ್ಣಗಾಗುತ್ತದೆ. ಇಂಥ ಅಲೆಗಳು ನಾಲ್ಕೈದು ಸೆಕೆಂಡಿಗೆ ಒಂದರಂತೆ ಬರುತ್ತವೆ. ಎತ್ತರ ಅರ್ಧ ಮೀಟರ್ ಆಚೀಚೆ. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಮಾಡುವವರು ಇಂಥ ಕಡಲನ್ನು ‘ಫ್ಲ್ಯಾಟ್’ ಎನ್ನುತ್ತಾರೆ. ಹಲಗೆ ಹಿಡಿದು ನಿಲ್ಲುವಷ್ಟು ಅಲೆ ಇಲ್ಲ ಎಂದು ಅರ್ಥ. ಹೊಸಬರಿಗೆ ಕಲಿಸಲು ಮಾತ್ರ ಇದು ಒಳ್ಳೆಯ ಕಾಲ.

ಸ್ಥಳೀಯ ಗಾಳಿ ಎಬ್ಬಿಸುವ ಈ ಅಲೆಯ ಜೊತೆಗೆ ಇನ್ನೊಂದು ಬಗೆಯ ಅಲೆ ಇದೆ. ಅದು ನಮ್ಮ ಅರಬ್ಬಿ ಸಮುದ್ರದಲ್ಲಿ ಹುಟ್ಟಿದ್ದೇ ಅಲ್ಲ. ದಕ್ಷಿಣ ಗೋಳಾರ್ಧದಲ್ಲಿ 40 ಡಿಗ್ರಿ ಅಕ್ಷಾಂಶದಿಂದಾಚೆ ಬೀಸುವ ಗಾಳಿಗಳಿಗೆ ನಾವಿಕರು ಇಟ್ಟ ಹೆಸರು ‘ರೋರಿಂಗ್ ಫಾರ್ಟೀಸ್’. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಇದನ್ನು ಎಷ್ಟೋ ಸಲ ಗುರುತು ಹಾಕಿದ್ದೇವೆ. ಅಲ್ಲಿ ನಮ್ಮ ಬೇಸಿಗೆ ಎಂದರೆ ಚಳಿಗಾಲದತ್ತ ಹೊರಳುವ ಕಾಲ. ಬಿರುಗಾಳಿಗಳು ಒಂದರ ಹಿಂದೊಂದು ಹೊರಡುತ್ತವೆ. ಆ ಗಾಳಿ ನೀರಿನಲ್ಲಿ ಎಬ್ಬಿಸಿದ ಅಲೆ ಬಿರುಗಾಳಿಯನ್ನೇ ಹಿಂದೆ ಬಿಟ್ಟು ಉತ್ತರಕ್ಕೆ ಪ್ರಯಾಣ ಬೆಳೆಸುತ್ತದೆ. ಇದನ್ನು ಸಾಗರ ವಿಜ್ಞಾನದಲ್ಲಿ ‘ಸ್ವೆಲ್’ ಎನ್ನುತ್ತಾರೆ. ಈ ಲೇಖನದಲ್ಲಿ ದೂರದ ಅಲೆ ಎಂದು ಕರೆಯುತ್ತೇನೆ.

ಇದರ ಲೆಕ್ಕ ಸರಳ. 16 ಸೆಕೆಂಡಿಗೊಂದು ಬರುವ ಅಲೆಯ ಶಕ್ತಿ ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಸಾಗುತ್ತದೆ. ನಮ್ಮ ಕೆಂಪು ಬಸ್ಸಿನ ವೇಗ ಅನ್ನಿ. ಆದರೆ ಈ ಬಸ್ಸು ಎಲ್ಲಿಯೂ ನಿಲ್ಲುವುದಿಲ್ಲ. ದಿನಕ್ಕೆ ಸಾವಿರ ಕಿ.ಮೀ.ಗೂ ತುಸು ಹೆಚ್ಚು ದೂರ ಕ್ರಮಿಸುತ್ತದೆ. ಆರೇಳು ಸಾವಿರ ಕಿ.ಮೀ. ಆಚೆ ಎದ್ದ ಬಿರುಗಾಳಿಯ ಫಲ ನಮ್ಮ ಪಶ್ಚಿಮ ಕರಾವಳಿ ತಲುಪಲು ಸುಮಾರು ಒಂದು ವಾರ. ಅಷ್ಟರಲ್ಲಿ ಆ ಬಿರುಗಾಳಿ ಅಡಗಿ ಹೋಗಿರುತ್ತದೆ. ಗೋಕರ್ಣದ ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. ಮೊಬೈಲಿನಲ್ಲಿ ಹವಾಮಾನ ನೋಡಿದರೆ ಸೂರ್ಯನ ಚಿತ್ರ, 34 ಡಿಗ್ರಿ, ಮಳೆ ಶೂನ್ಯ. ಕಡಲಿಗೆ ಏನು ಬಂದಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು ‘ಕಳ್ಳಕ್ಕಡಲ್’. ಕನ್ನಡಿಗರಿಗೆ ಅನುವಾದವೇ ಬೇಡ. ಕಳ್ಳನ ಹಾಗೆ, ಸುಳಿವು ಕೊಡದೆ ಬರುವ ಕಡಲು. ಈ ಪದವನ್ನು 2012ರಲ್ಲಿ ಯುನೆಸ್ಕೊ ಕೂಡ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಇದರ ಹೊಡೆತ ಹೆಚ್ಚಾಗಿ ಬೀಳುವುದು ಕೇರಳ ಮತ್ತು ತಮಿಳುನಾಡಿನ ದಕ್ಷಿಣ ತುದಿಗೆ. ಕರ್ನಾಟಕದ ತೀರಕ್ಕೆ ಬರುವ ದೂರದ ಅಲೆಗಳಿಗೆ ಅಷ್ಟು ಬಲ ಇರುವುದಿಲ್ಲ. ಆದರೂ ಬೇಸಿಗೆಯಲ್ಲಿ ಅವು ಇಲ್ಲಿಗೂ ಬರುತ್ತವೆ. ಈಜು ಬಾರದವರ ಕಾಲು ಕೀಳಲು ಅಷ್ಟು ಸಾಕು.

ಒಂದೇ ಎತ್ತರ, ಎರಡು ಕಡಲು

ಕಡಲ ಮುನ್ಸೂಚನೆಯಲ್ಲಿ ಮುಖ್ಯವಾಗಿ ಎರಡು ಅಂಕಿ ಇರುತ್ತವೆ. ಒಂದು ಅಲೆಯ ಎತ್ತರ, ಮೀಟರಿನಲ್ಲಿ. ಇನ್ನೊಂದು ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಅವಧಿ, ಸೆಕೆಂಡಿನಲ್ಲಿ. ನೋಡುವವರು ಹೆಚ್ಚಾಗಿ ಎತ್ತರ ನೋಡಿ ಮುಗಿಸುತ್ತಾರೆ. ಒಂದು ಮೀಟರ್ ಎಂದರೆ ಸೊಂಟದ ಮಟ್ಟ ತಾನೇ, ಅದಕ್ಕೇನು ಹೆದರಿಕೆ ಎಂದುಕೊಳ್ಳುತ್ತಾರೆ.

ಎರಡು ದಿನಗಳನ್ನು ಹೋಲಿಸಿ ನೋಡೋಣ. ಮೊದಲ ದಿನ ಎತ್ತರ 1 ಮೀಟರ್, ಅವಧಿ 5 ಸೆಕೆಂಡು. ಎರಡನೆಯ ದಿನ ಎತ್ತರ ಅದೇ 1 ಮೀಟರ್, ಅವಧಿ 16 ಸೆಕೆಂಡು. ಮೊದಲನೆಯದರಲ್ಲಿ ಆಳ ನೀರಿನಲ್ಲಿ ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗೆ ಸುಮಾರು 40 ಮೀಟರ್. ಎರಡನೆಯದರಲ್ಲಿ ಸುಮಾರು 400 ಮೀಟರ್. ಎತ್ತರ ಒಂದೇ ಆದರೂ ಎರಡನೆಯ ಅಲೆ ದಡಕ್ಕೆ ಹೊತ್ತು ತರುವ ಶಕ್ತಿ ಮೊದಲನೆಯದರ ಮೂರು ಪಟ್ಟಿಗೂ ಹೆಚ್ಚು.

ಇಷ್ಟೇ ಆಗಿದ್ದರೆ ಚಿಂತೆ ಕಡಿಮೆ ಇತ್ತು. ಅಲೆಯ ಉದ್ದದ ಅರ್ಧದಷ್ಟು ಆಳದಲ್ಲಿ ಅದಕ್ಕೆ ಕಡಲ ತಳ ತಾಗಲು ಶುರುವಾಗುತ್ತದೆ. 40 ಮೀಟರ್ ಅಲೆಗೆ 20 ಮೀಟರ್ ಆಳದಲ್ಲಿ ತಳ ಸಿಕ್ಕರೆ, 400 ಮೀಟರ್ ಅಲೆಗೆ 200 ಮೀಟರ್ ಆಳದಲ್ಲೇ ಸಿಗುತ್ತದೆ. ತಳ ತಾಗಿದ ಅಲೆಯ ವೇಗ ತಗ್ಗುತ್ತದೆ, ಅಲೆಗಳು ಒತ್ತೊತ್ತಾಗುತ್ತವೆ, ನೀರು ಮೇಲಕ್ಕೆ ಏಳುತ್ತದೆ. ಹಾಗಾಗಿ ಆಳದಲ್ಲಿ ಒಂದು ಮೀಟರ್ ಇದ್ದ ದೂರದ ಅಲೆ ದಡದಲ್ಲಿ ಮುರಿಯುವಾಗ ಅದಕ್ಕಿಂತ ಸಾಕಷ್ಟು ಎತ್ತರ ಆಗಿರುತ್ತದೆ. ಮರಳಿನ ಮೇಲೆ ಮೊದಲಿನದಕ್ಕಿಂತ ಬಹಳ ದೂರ ಓಡಿಬರುತ್ತದೆ, ಹಿಂದಕ್ಕೆ ಹೋಗುವಾಗ ಅಷ್ಟೇ ಬಲದಿಂದ ಎಳೆಯುತ್ತದೆ.

ಇನ್ನೂ ಒಂದು ಗುಣವಿದೆ. ದೂರದ ಅಲೆಗಳು ಒಂದೇ ಸಮನೆ ಬರುವುದಿಲ್ಲ, ಗುಂಪು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡ ಅಲೆ ಬಂದು ಹೋದ ಮೇಲೆ ಹಲವು ನಿಮಿಷ ಎಲ್ಲವೂ ಸಪಾಟು. ಆಗ ತಾನೇ ಗಾಡಿಯಿಂದ ಇಳಿದವರು ಆ ಸಪಾಟು ನೀರನ್ನು ನೋಡುತ್ತಾರೆ. ‘ಏ, ನೋಡಲೇ, ಕೆರಿ ಹಂಗ ಅದ’ ಎನ್ನುತ್ತಾ ಬಂಡೆ ಹತ್ತಿ ಸೆಲ್ಫಿಗೆ ನಿಲ್ಲುತ್ತಾರೆ, ಸೊಂಟದವರೆಗೆ ಇಳಿಯುತ್ತಾರೆ. ಮುಂದಿನ ಗುಂಪು ಬರುವಾಗ ಅವರು ಕಡಲಿಗೆ ಬೆನ್ನು ಮಾಡಿರುತ್ತಾರೆ.

ಸರ್ಫಿಂಗ್ ಮಾಡುವವನಿಗೆ ಇದೇ 16 ಸೆಕೆಂಡು ಸಿಹಿ ಸುದ್ದಿ. ವಾರಗಟ್ಟಲೆ ಸಪಾಟು ಕಡಲು ನೋಡಿ ಬೇಸತ್ತವನು ಆ ಅಂಕಿ ಕಂಡ ಕೂಡಲೇ ಹಲಗೆ ಒರೆಸಿ ಇಡುತ್ತಾನೆ. ಅವನು ವರ್ಷಗಟ್ಟಲೆ ಅದೇ ನೀರಿನಲ್ಲಿ ಪಳಗಿದವನು. ಕಾಲಿಗೆ ಹಲಗೆಯ ಹಗ್ಗ ಕಟ್ಟಿಕೊಂಡು, ಜೊತೆಗಾರರೊಂದಿಗೆ ಇಳಿಯುತ್ತಾನೆ. ಹಿರೋಳ್ಳಿಯಿಂದಲೋ ಜೇವರ್ಗಿಯಿಂದಲೋ ಹೋದ ನಮಗೆ ಅದೇ ಅಂಕಿ ‘ಮೊಣಕಾಲಿಗಿಂತ ಮುಂದೆ ಬೇಡ’ ಎಂಬ ಸೂಚನೆ.

ಬಾವಿಯ ಈಜು, ಕಡಲಿನ ಸೆಳೆತ

‘ನಮಗ ಈಜು ಬರತದ’ ಎನ್ನುವವರೂ ನಮ್ಮಲ್ಲಿ ಬಹಳ. ಹೌದು, ನಮ್ಮ ಊರುಗಳಲ್ಲಿ ಹೊಲದ ಬಾವಿಯಲ್ಲಿ ಈಜು ಕಲಿತವರಿದ್ದಾರೆ. ಅಫಜಲಪುರ, ಜೇವರ್ಗಿಯ ಭೀಮಾ ದಂಡೆಯ ಹುಡುಗರು ಹೊಳೆಯನ್ನೇ ದಾಟುತ್ತಾರೆ. ಗಾಣಗಾಪುರದಲ್ಲಿ ಅಮರ್ಜಾ ಬಂದು ಭೀಮಾ ಸೇರುವ ಸಂಗಮದಲ್ಲಿ ಮುಳುಗು ಹಾಕದವರು ಕಡಿಮೆ. ಆದರೆ ಬಾವಿಯ ನೀರು ನಿಂತ ನೀರು. ದಣಿವಾದರೆ ಕೈಗೆ ಮೆಟ್ಟಿಲು ಸಿಗುತ್ತದೆ. ಹೊಳೆಯ ನೀರು ಒಂದೇ ಕಡೆಗೆ ಹರಿಯುತ್ತದೆ, ಸೆಳವು ಎಲ್ಲಿದೆ ಎಂದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಕಡಲಿನ ನೀರು ದಡಕ್ಕೆ ಬರುವುದು ಕಾಣುತ್ತದೆ, ಹೊರಗೆ ಹೋಗುವುದು ಕಾಣುವುದಿಲ್ಲ.

ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಾದರೂ ಮರಳಿ ಕಡಲಿಗೆ ಹೋಗಲೇಬೇಕು. ದಡದ ಎದುರಿನ ಮರಳ ದಿಬ್ಬದಲ್ಲಿ ಎಲ್ಲಿ ತಗ್ಗು ಇರುತ್ತದೋ ಆ ಸಂದಿಯಿಂದ ಅದು ನುಗ್ಗುತ್ತದೆ. ಇದೇ ‘ರಿಪ್ ಕರೆಂಟ್’, ಆಡುಮಾತಿನಲ್ಲಿ ಸೆಳೆತ. ಸಂದಿಯಲ್ಲಿ ಆಳ ಹೆಚ್ಚಿರುವುದರಿಂದ ಅಲ್ಲಿ ಅಲೆ ಮುರಿಯುವುದಿಲ್ಲ, ನೊರೆ ಇರುವುದಿಲ್ಲ, ನೀರು ತುಸು ಕಪ್ಪಾಗಿ ನುಣ್ಣಗೆ ಕಾಣುತ್ತದೆ. ಎರಡೂ ಬದಿಯಲ್ಲಿ ಬಿಳಿ ನೊರೆ, ನಡುವೆ ಒಂದು ಶಾಂತ ಓಣಿ. ಹೊಸಬರು ಆಯ್ಕೆ ಮಾಡುವುದು ಆ ಓಣಿಯನ್ನೇ. ಅಲ್ಲಿ ನೀರಿನ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ತನಕ ಹೋಗುತ್ತದೆ. ನುರಿತ ಈಜುಗಾರನೂ ಅದಕ್ಕೆ ಎದುರಾಗಿ ಹೆಚ್ಚು ಹೊತ್ತು ಈಜಲಾರ. ದಡದತ್ತ ನೇರವಾಗಿ ಈಜಲು ಹೋಗಿ ದಣಿಯುವುದರಿಂದಲೇ ಹೆಚ್ಚಿನವರು ಮುಳುಗುತ್ತಾರೆ.

ಸಿಕ್ಕಿಕೊಂಡರೆ ಮಾಡಬೇಕಾದ್ದು ಇಷ್ಟು: ಗಾಬರಿಯಾಗದೆ ಮೊದಲು ತೇಲಬೇಕು. ಸೆಳೆತ ನೀರಿನ ಅಡಿಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಅದರ ಓಣಿ ಅಗಲವಾಗಿ ಇರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ, ಅಂದರೆ ಎಡಕ್ಕೋ ಬಲಕ್ಕೋ ಈಜಿ ಅದರಿಂದ ಹೊರಬಂದು, ನೊರೆ ಇರುವ ಕಡೆಯಿಂದ ದಡ ಸೇರಬೇಕು. ಆಗದಿದ್ದರೆ ಕೈ ಎತ್ತಿ ಸಹಾಯ ಕೇಳುತ್ತಾ ತೇಲುತ್ತಿರಬೇಕು. ದಡದಲ್ಲಿದ್ದ ಗೆಳೆಯ ಬರಿಗೈಯಲ್ಲಿ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಮತ್ತೊಬ್ಬರು ಮುಳುಗಿದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ? ಖಾಲಿ ನೀರಿನ ಕ್ಯಾನು, ಗಾಳಿ ತುಂಬಿದ ಟ್ಯೂಬು, ಹಗ್ಗ ಏನು ಸಿಕ್ಕರೂ ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಬೇಕು.

ಎಚ್ಚರಿಕೆ ಯಾರ ವಿಳಾಸಕ್ಕೆ?

2024ರ ಏಪ್ರಿಲ್ ಕೊನೆಯ ವಾರ ದಕ್ಷಿಣದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಮೇ ಮೊದಲ ವಾರ ಕೇರಳ ಮತ್ತು ದಕ್ಷಿಣ ತಮಿಳುನಾಡಿನ ತೀರಕ್ಕೆ ಬಂದವು. ಎಚ್ಚರಿಕೆ ಮೊದಲೇ ಹೊರಬಿದ್ದಿತ್ತು. ಆದರೂ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಸತ್ತರು. ನಮ್ಮದೇ ವಯಸ್ಸಿನವರು, ಓದಿದವರು. ಅದೇ ವರ್ಷ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಬೇಸಿಗೆಯಲ್ಲ, ಕಾರಣವೂ ಬೇರೆ ಇರಬಹುದು. ಆದರೆ ಅದು ಮಳೆಗಾಲವೂ ಅಲ್ಲ. ಕೋಲಾರ ಕೂಡ ನಮ್ಮ ಕಲಬುರಗಿಯ ಹಾಗೆ ಕಡಲಿಲ್ಲದ ಬಯಲುಸೀಮೆ.

ಈ ಎರಡೂ ಸುದ್ದಿ ಒಟ್ಟಿಗೆ ಓದಿದಾಗ ನನಗೆ ಕಾಣುವ ದೋಷ ಮುನ್ಸೂಚನೆಯಲ್ಲಿಲ್ಲ, ಅದು ಹೋಗುವ ದಾರಿಯಲ್ಲಿದೆ. ಭಾರತದ ಕಡಲಿನ ಸ್ಥಿತಿಯನ್ನು ದಿನದಿನವೂ ಲೆಕ್ಕ ಹಾಕಿ ಹೇಳುವ ಸಂಸ್ಥೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ. ‘ಇನ್‌ಕಾಯಿಸ್’ ಎಂದು ಕರೆಯುತ್ತಾರೆ. 1999ರಲ್ಲಿ ಆರಂಭವಾದ ಇದು ಕೇಂದ್ರ ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿದೆ. ಸುನಾಮಿ ಎಚ್ಚರಿಕೆ ಕೇಂದ್ರವೂ ಅಲ್ಲೇ ಇದೆ. ತಮಾಷೆ ಏನೆಂದರೆ ಇದು ಇರುವುದು ಕಡಲೇ ಇಲ್ಲದ ಹೈದರಾಬಾದಿನಲ್ಲಿ. ನಮ್ಮ ಕಡೆಯವರು ಕೂಲಿಗೆ, ಕೋಚಿಂಗಿಗೆ, ಆಸ್ಪತ್ರೆಗೆ ಹೋಗಿಬರುವ ಹೈದರಾಬಾದ್. ಗೋಕರ್ಣದ ಅಲೆಯ ಲೆಕ್ಕ ಗೋಕರ್ಣಕ್ಕಿಂತ ನಮಗೇ ಹತ್ತಿರದ ಊರಿನಲ್ಲಿ ತಯಾರಾಗುತ್ತದೆ. ಅಲೆಯ ಎತ್ತರ, ಅವಧಿ, ದಿಕ್ಕು, ಗಾಳಿ, ಪ್ರವಾಹ ಎಲ್ಲವನ್ನೂ ಅದು ಹಲವು ದಿನ ಮುಂಚಿತವಾಗಿ ಕೊಡುತ್ತದೆ. ದೂರದ ಅಲೆಗಳಿಗಾಗಿಯೇ 2020ರಲ್ಲಿ ಪ್ರತ್ಯೇಕ ಎಚ್ಚರಿಕೆ ವ್ಯವಸ್ಥೆ ಬಂದಿದೆ. ‘ಸಮುದ್ರ’ ಎಂಬ ಆ್ಯಪ್ ಕೂಡ ಇದೆ.

ಆದರೆ ಈ ಎಚ್ಚರಿಕೆಯ ವಿಳಾಸ ಬೇರೆ. ಅದು ಮೀನುಗಾರರಿಗೆ, ಬಂದರಿಗೆ, ಕರಾವಳಿ ಜಿಲ್ಲಾಡಳಿತಕ್ಕೆ ಹೋಗುತ್ತದೆ. ಅದು ಹಾಗಿರಬೇಕಾದ್ದೇ. ಮೀನುಗಾರ ಅದನ್ನು ಓದುತ್ತಾನೆ, ಓದದಿದ್ದರೂ ನೀರಿನ ಬಣ್ಣ ನೋಡಿ ತಿಳಿಯುತ್ತಾನೆ. ಓದದೆ, ತಿಳಿಯದೆ ನೀರಿಗಿಳಿಯುವವರು ಹಿಂದಿನ ರಾತ್ರಿ ಕಲಬುರಗಿ, ವಿಜಯಪುರ, ಹುಬ್ಬಳ್ಳಿ ದಾಟಿ ಬಂದವರು. ಅವರು ಹೊರಟ ಊರಿನಲ್ಲಿ ಆ ಎಚ್ಚರಿಕೆ ಸುದ್ದಿಯೇ ಆಗಿರುವುದಿಲ್ಲ. ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕರಾವಳಿಯ ಎಚ್ಚರಿಕೆ ಬರುವುದು ಅಪರೂಪ. ಬೀಚಿನಲ್ಲಿ ಕೆಂಪು ಬಾವುಟ ಕಂಡಾಗ ಹದಿನೈದು ಗಂಟೆ ಪ್ರಯಾಣ ಮಾಡಿ ಬಂದಿರುತ್ತೇವೆ. ದುಡ್ಡು ಕೊಟ್ಟಾಗಿರುತ್ತದೆ. ‘ಇಷ್ಟು ದೂರ ಬಂದು ನೀರಿಗೆ ಇಳೀಲಾರದೆ ಹೋಗೋದಾ?’ ಎಂಬ ಮಾತಿನ ಮುಂದೆ ಬಾವುಟ ಸೋಲುತ್ತದೆ. ಅದಕ್ಕೇ ಎಚ್ಚರಿಕೆ ಹೊರಡುವ ಜಾಗದಲ್ಲೇ ಸಿಗಬೇಕು.

ಮಳೆಯ ವಿಷಯದಲ್ಲಿ ನಾವು ಇದನ್ನು ಮಾಡಿ ತೋರಿಸಿದ್ದೇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕ ತಂದಿದೆ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಇದೆ. ರೋಣಿ, ಮಿರಗ ಎಂದು ಮಳೆ ಲೆಕ್ಕ ಹಾಕುವ ಮುದುಕರೂ ಈಗ ಮೊಮ್ಮಗನ ಮೊಬೈಲಿನಲ್ಲಿ ನಾಳೆಯ ಮಳೆ ಕೇಳುತ್ತಾರೆ. ಹಾಗಿರುವಾಗ ಕಡಲಿನದನ್ನು ಕೇಳುವ ರೂಢಿ ಬೆಳೆಯುವುದು ಅಸಾಧ್ಯವೇನಲ್ಲ.

ಬೇಸಿಗೆಯ ಉಳಿದ ದಿನಗಳು

ಪ್ರವಾಸ ಹಾಕಿಕೊಳ್ಳುವವರಿಗೆ ಕಡಲಿನ ಸ್ಥೂಲ ನೋಟ ಇದು. ಏಪ್ರಿಲ್‌ನಿಂದ ಮೇ ಮಧ್ಯದವರೆಗೆ ಹೆಚ್ಚಿನ ದಿನ ಸಪಾಟು ಕಡಲು, ಬೆಳಗ್ಗೆ ಶಾಂತ, ಮಧ್ಯಾಹ್ನದ ನಂತರ ಗಾಳಿ. ಕಳ್ಳಕಡಲಿನ ಕಾಲವೂ ಇದೇ. ಆದ್ದರಿಂದ ಹೊರಡುವ ಎರಡು ದಿನ ಮೊದಲು ಮುನ್ಸೂಚನೆ ನೋಡಿ. ಅವಧಿ ಐದಾರು ಸೆಕೆಂಡು, ಎತ್ತರ ಅರ್ಧ ಮೀಟರ್ ಇದ್ದರೆ ಸಾಮಾನ್ಯ ಎಚ್ಚರ ಸಾಕು. ಅವಧಿ ಹದಿನಾಲ್ಕು ದಾಟಿದ್ದರೆ, ಎತ್ತರ ಎಷ್ಟೇ ಕಡಿಮೆ ಇರಲಿ, ಆ ದಿನ ದೇವಸ್ಥಾನ, ಬೆಟ್ಟ, ಮೀನೂಟ ಎಲ್ಲ ಇದೆ, ನೀರಾಟ ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ–ಇಳಿತದ ವ್ಯತ್ಯಾಸ ಹೆಚ್ಚು. ದೂರದ ಅಲೆಯ ಜೊತೆ ದೊಡ್ಡ ಉಬ್ಬರ ಕೂಡಿದರೆ ನೀರು ಮರಳು ದಾಟಿ ರಸ್ತೆಗೂ ಬರಬಹುದು. ಇಳಿತದ ಹೊತ್ತಿನಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಹೊರಸೆಳೆತ ಜೋರು. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲಿಗೆ ಸೇರುವ ಜಾಗ ನೋಡಲು ಎಷ್ಟು ಚೆಂದವೋ ಇಳಿಯಲು ಅಷ್ಟೇ ಅಪಾಯ.

ಮೇ ಉತ್ತರಾರ್ಧ ಬಂದರೆ ಲೆಕ್ಕ ಬದಲಾಗುತ್ತದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಆದರೆ 2025ರಲ್ಲಿ ಅದು ಮೇ 24ಕ್ಕೇ ಬಂತು, 2023ರಲ್ಲಿ ಜೂನ್ 8ರವರೆಗೆ ಕಾಯಿಸಿತು. ಕಾದ ಅರಬ್ಬಿ ಸಮುದ್ರ ಚಂಡಮಾರುತವನ್ನೂ ಹುಟ್ಟಿಸುತ್ತದೆ. 2021ರ ಮೇ ತಿಂಗಳ ‘ತೌಕ್ತೆ’ ನಮ್ಮ ಕರಾವಳಿಯಲ್ಲಿ ಮನೆ, ರಸ್ತೆಗಳನ್ನು ಕೊಚ್ಚಿತು. 2023ರ ಜೂನ್‌ನ ‘ಬಿಪರ್‌ಜಾಯ್’ ಗುಜರಾತಿಗೆ ಅಪ್ಪಳಿಸಿತು. ಹಾಗಾಗಿ ಮೇ ಕೊನೆಯ ವಾರದ ಪ್ರವಾಸವನ್ನು ಕ್ಯಾಲೆಂಡರ್ ನೋಡಿ ನಿಗದಿ ಮಾಡಲಾಗದು. ಸರ್ಫಿಂಗ್ ಪಂದ್ಯದವರು ಇದೇ ಕಾಲಕ್ಕೆ ಕಾಯುತ್ತಾರೆ. ಸಸಿಹಿತ್ಲಿನಲ್ಲಿ 2016ರಲ್ಲಿ ಆರಂಭವಾದ ಇಂಡಿಯನ್ ಓಪನ್ ಮೇ ಕೊನೆಯಲ್ಲಿ ನಡೆಯುವುದು ಆಗ ಅಲೆ ಏಳುತ್ತದೆ ಎಂಬ ಕಾರಣಕ್ಕೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಮೀನುಗಾರಿಕೆ ದೋಣಿಗಳೇ ದಡದಲ್ಲಿ ಕೂತ ದಿನಗಳಲ್ಲಿ ನಾವು ನೀರಿಗಿಳಿಯುವ ಮಾತೇ ಬರಬಾರದು.

ಜೀವರಕ್ಷಕರಿರುವ ಜಾಗವನ್ನೇ ಆಯ್ದುಕೊಳ್ಳಿ. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ಷರತ್ತುಗಳಲ್ಲಿ ಜೀವರಕ್ಷಣೆಯ ವ್ಯವಸ್ಥೆಯೂ ಒಂದು. ರೀಲ್ಸ್‌ನಲ್ಲಿ ಕಾಣುವ ‘ಯಾರಿಗೂ ಗೊತ್ತಿಲ್ಲದ ಬೀಚ್’ ಎಂದರೆ ಮುಳುಗುವಾಗ ಯಾರೂ ನೋಡದ ಬೀಚ್ ಎಂದೂ ಹೌದು.

ಇದರಲ್ಲಿ ಕೆಲಸವೂ ಇದೆ

ಕೆಲಸ ಹುಡುಕುತ್ತಿರುವ ನಮ್ಮಂಥವರು ಈ ವಿಷಯವನ್ನು ಇನ್ನೊಂದು ಕಣ್ಣಿನಿಂದಲೂ ನೋಡಬೇಕು. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕ ಹುದ್ದೆಗಳಿಗೆ ಸಿಬ್ಬಂದಿ ಆಯ್ಕೆ ಆಯೋಗ ಅಖಿಲ ಭಾರತ ಮಟ್ಟದಲ್ಲಿ ಪರೀಕ್ಷೆ ನಡೆಸಿದೆ. ಭೌತವಿಜ್ಞಾನ ಓದಿದ ಬಿ.ಎಸ್ಸಿ.ಯವರಿಗೆ ಅದು ತೆರೆದ ದಾರಿ. ಗೋವಾದಲ್ಲಿರುವ ರಾಷ್ಟ್ರೀಯ ಜಲ ಕ್ರೀಡಾ ಸಂಸ್ಥೆ ಜೀವರಕ್ಷಕ ತರಬೇತಿ ಕೊಡುತ್ತದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ಸ್ನಾತಕೋತ್ತರ ವಿಭಾಗವಿದೆ. ಸರ್ಫಿಂಗ್ ಕೂಡ ಈಗ ಬರೀ ವಿದೇಶಿಯರ ಆಟವಲ್ಲ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬೂದಿಹಾಳ ಕಂಚು ಗೆದ್ದರು. ಆ ಕೂಟದ ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಕಡಲು ನಮ್ಮ ಜಿಲ್ಲೆಯಲ್ಲಿಲ್ಲ ಎಂದ ಮಾತ್ರಕ್ಕೆ ಕಡಲಿನ ಕೆಲಸ ನಮ್ಮದಲ್ಲ ಎಂದೇನೂ ಇಲ್ಲ. ಹೈದರಾಬಾದ್ ಅದನ್ನು ತೋರಿಸಿಕೊಟ್ಟಿದೆ.

ದೊಡ್ಡ ಯೋಜನೆ ಬರುವವರೆಗೆ ಕಾಯದೆ ಮಾಡಬಹುದಾದ ಮೂರು ಕೆಲಸಗಳಿವೆ. ಕಾಲೇಜಿನ ಪ್ರವಾಸಕ್ಕೆ ಅನುಮತಿ ಕೇಳುವ ಅರ್ಜಿಯಲ್ಲಿ ಬಸ್ಸಿನ ನಂಬರು, ಪೋಷಕರ ಸಹಿಯ ಜೊತೆ ‘ಆ ದಿನದ ಅಲೆಯ ಎತ್ತರ, ಅವಧಿ, ಉಬ್ಬರದ ಸಮಯ’ ಎಂಬ ಸಾಲು ಸೇರಿಸಬಹುದು. ಅದನ್ನು ತುಂಬಲು ಯಾರಾದರೂ ಒಬ್ಬರು ಮುನ್ಸೂಚನೆ ತೆರೆದು ನೋಡಲೇಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ಬಸ್ ನಿಲ್ದಾಣಗಳಲ್ಲಿ ಬೇಸಿಗೆ ರಜೆಯ ಎರಡು ತಿಂಗಳು ಕರಾವಳಿಯ ಎಚ್ಚರಿಕೆಯನ್ನು ಕನ್ನಡದಲ್ಲಿ ಪ್ರಕಟಿಸಬಹುದು. ಪತ್ರಿಕೆಗಳು ನಮ್ಮ ಆವೃತ್ತಿಯ ಹವಾಮಾನ ಚೌಕದಲ್ಲಿ ಕಲಬುರಗಿ, ಬೀದರ್, ರಾಯಚೂರಿನ ಉಷ್ಣಾಂಶದ ಕೆಳಗೆ ಕಾರವಾರ, ಮುರುಡೇಶ್ವರ, ಮಲ್ಪೆಯ ಅಲೆಯ ಎರಡು ಅಂಕಿ ಕೊಡಬಹುದು.

ಅದು ಬರುವ ತನಕ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ, ಗೆಳೆಯರೇ. ಪ್ರವಾಸದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರು ಎಷ್ಟು ದುಡ್ಡು ಹಾಕಬೇಕು ಎಂಬ ಪಟ್ಟಿಯ ಕೆಳಗೆ, ಹೊರಡುವ ಹಿಂದಿನ ದಿನ ಒಬ್ಬರು ಆ ಎರಡು ಅಂಕಿಯನ್ನು ಬರೆದು ಹಾಕಲಿ. ನೋಡಲು ಎರಡು ನಿಮಿಷ ಸಾಕು. ಹದಿನಾಲ್ಕು ಸೆಕೆಂಡಿಗಿಂತ ಹೆಚ್ಚಿದ್ದರೆ ದಡದಲ್ಲಿ ಕೂತು ಸೂರ್ಯಾಸ್ತ ನೋಡಿ, ಎಷ್ಟು ಮಂದಿ ಹೋಗಿದ್ದೆವೋ ಅ‌ಷ್ಟೂ ಮಂದಿ ಊರಿಗೆ ವಾಪಸ್ ಬರೋಣ.